ಕೈಲಾಂಚದ ಗರಿನೊಣಗಳು

ರಾಮನಗರದ ಸೀಮೆಯನ್ನು ನೋಡಬರುವವರು ಸಾಮಾನ್ಯವಾಗಿ ಮೂರು ವಸ್ತುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವರು: ಬೆಟ್ಟ, ರೇಷ್ಮೆ ಮತ್ತು ಚನ್ನಪಟ್ಟಣದ ಗೊಂಬೆ. ಬೆಟ್ಟಗಳ ಕೀರ್ತಿಯನ್ನು ನಾವು ಬಣ್ಣಿಸಬೇಕಾದುದಿಲ್ಲ. ಈ ಊರಿಗೆ ಹಿಂದೆ ಕ್ಲೋಸ್‌ಪೇಟೆಯೆಂಬ ಹೆಸರಿದ್ದುದರಿಂದ ಭೂಗರ್ಭಶಾಸ್ತ್ರಜ್ಞರು ಇಲ್ಲಿಯ ಕಲ್ಲಿಗೂ ಅದೇ ಹೆಸರನ್ನಿಟ್ಟು ಲೋಕಪ್ರಸಿದ್ಧವಾಗಿ ಮಾಡಿರುವರು. ರಾಮದೇವರ ಬೆಟ್ಟದ ರಣಹದ್ದುಗಳಿಗಾಗಿ ೨೦೧೨ರಲ್ಲಿ ಸರ್ಕಾರದವರು ಒಂದು ಧಾಮವನ್ನೇ ಏರ್ಪಡಿಸಿದರು. ಪೇಟೆಯ ಗದ್ದಲವನ್ನು ಹಿಂದೆ ಬಿಟ್ಟು ಇದೇ ತಾಲ್ಲೂಕಿನ ಕೈಲಾಂಚ ಹೋಬಳಿಯ ಕಡೆಗೆ ಹೊರಟರೆ ಬಂಡೆಗಳ ನಡುವೆ ರಾಗಿಯ ಹೊಲ, ಮಾವಿನ ತೋಪು, ಹಿಪ್ಪುನೇರಳೆಯ ತೋಟಗಳು ಒಂದಾದ ಮೇಲೊಂದು ಕಾಣಿಸಿಕೊಳ್ಳುವುವು. ಅವ್ವೇರಹಳ್ಳಿಯ ರೇವಣಸಿದ್ಧೇಶ್ವರನ ಬೆಟ್ಟವಿರುವುದು ಈ ಹೋಬಳಿಯಲ್ಲಿಯೇ. ರಾಮನಗರವನ್ನು ಹಾದುಬರುವ ಅರ್ಕಾವತಿಯು ಕನಕಪುರದ ಕಡೆಗೆ ಇಳಿದು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ.

ಆದರೆ ನಾವು ಕೈಲಾಂಚಕ್ಕೆ ಹೋದುದು ಬೆಟ್ಟವನ್ನು ಹತ್ತುವುದಕ್ಕಲ್ಲ, ದೇವರ ದರ್ಶನಕ್ಕೂ ಅಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಆ ಊರಿನಲ್ಲಿ ರೇಷ್ಮೆ ಬೆಳೆಯುವ ಗೃಹಸ್ಥನು. ಅವನ ಮನೆಯಲ್ಲಿ ಎರಡು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಒಂದು ತಗಡಿನ ಪೆಟ್ಟಿಗೆಯಿದೆ. ಅದನ್ನು ಕೊಳ್ಳಲು ಪಟ್ಟಣದವರೊಬ್ಬರು ಬಂದುಹೋದರೆಂದೂ, ಕೊಡಬಹುದೇ ಕೂಡದೇ ಎಂಬುದನ್ನು ನಾವು ಬಂದು ನೋಡಿ ಹೇಳಬೇಕೆಂದೂ ಅವನು ಕೇಳಿಕೊಂಡಿದ್ದನು. ಪೆಟ್ಟಿಗೆಯಲ್ಲಿದ್ದುದು ಚಿನ್ನವಲ್ಲ, ತಾಳೆಯೋಲೆಯ ಗ್ರಂಥವೂ ಅಲ್ಲ. ಮೀನು ಹಿಡಿಯುವ ನಾಲ್ಕು ಡಜನ್ ಗಾಳಗಳು. ಪ್ರತಿಯೊಂದು ಗಾಳಕ್ಕೂ ಬಣ್ಣಬಣ್ಣದ ಗರಿಗಳನ್ನು ಕಟ್ಟಿ ಒಂದೊಂದು ಪುಟ್ಟ ರೆಕ್ಕೆಯ ಪ್ರಾಣಿಯಂತೆ ಮಾಡಿದ್ದರು.

ವಾಚಕರಲ್ಲಿ ಅನೇಕರು ಈ ವಸ್ತುವನ್ನು ಕಂಡಿರಲಾರರು. ನಮ್ಮ ಹಳ್ಳಿಯ ಹುಡುಗರ ಗಾಳಕ್ಕೆ ಎರೆಹುಳುವೇ ಸಾಕು. ಪಾಶ್ಚಾತ್ಯ ದೇಶಗಳಲ್ಲಾದರೋ, ತಿಳಿನೀರಿನ ಹೊಳೆಗಳಲ್ಲಿ ಮೀನುಗಳು ನೀರಿನ ಮೇಲಾಡುವ ಹುಳುಗಳನ್ನು ನೆಗೆದು ಹಿಡಿಯುವುದನ್ನು ಜನರು ಬಹು ಹಿಂದೆಯೇ ಗಮನಿಸಿ, ಆ ಹುಳುವಿನ ಆಕಾರವನ್ನು ಕೊಕ್ಕೆಯ ಮೇಲೆ ಕಟ್ಟತೊಡಗಿದರು. ಕ್ರಿಸ್ತಶಕ ೨೦೦ರ ಸುಮಾರಿನಲ್ಲಿದ್ದ ಈಲಿಯನ್ ಎಂಬ ರೋಮನ್ ಲೇಖಕನು, ಮ್ಯಾಸಿಡೋನಿಯದವರು ಕೊಕ್ಕೆಗೆ ಕೆಂಪು ಉಣ್ಣೆಯನ್ನು ಸುತ್ತಿ, ಹುಂಜದ ಎರಡು ಗರಿಗಳನ್ನು ಕಟ್ಟಿ ಮೀನು ಹಿಡಿಯುತ್ತಿದ್ದರೆಂದು ಬರೆದಿಟ್ಟಿರುವನು. ಇಂಗ್ಲೆಂಡಿನಲ್ಲಿ ೧೪೯೬ರಲ್ಲಿ ಅಚ್ಚಾದ ಒಂದು ಗ್ರಂಥದಲ್ಲಿ ಇಂತಹ ಹನ್ನೆರಡು ಬಗೆಗಳ ವಿವರವಿದೆ. ಅವರು ಇದನ್ನು ನೊಣವೆಂದೇ ಕರೆಯುವರು. ನಾವು ಇಲ್ಲಿ ಗರಿನೊಣವೆನ್ನೋಣ.

ಗಾಳಕ್ಕೆ ಸಂಸ್ಕೃತದಲ್ಲಿ ಬಡಿಶವೆಂದು ಹೆಸರು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಒಂದು ಪ್ರಕರಣವೇ ಇದೆ. ಮೀನಿನ ಜಾತಿಗಳು, ಅವುಗಳ ವಾಸಸ್ಥಾನ, ಅವುಗಳಿಗೆ ಹಾಕಬೇಕಾದ ಆಹಾರ, ಗಾಳ ಹಾಕುವ ಕ್ರಮ ಇವೆಲ್ಲವನ್ನೂ ಆ ಕನ್ನಡನಾಡಿನ ದೊರೆ ಶಾಸ್ತ್ರದಂತೆ ವಿಂಗಡಿಸಿರುವನು. ವಿರಕ್ತರ ಕಣ್ಣಿಗೆ ಬಡಿಶವು ಬೇರೊಂದು ಪಾಠವನ್ನು ಹೇಳುವುದುಂಟು. ಭಾಗವತದ ಏಕಾದಶ ಸ್ಕಂಧದಲ್ಲಿ ಅವಧೂತನು ತನ್ನ ಇಪ್ಪತ್ತನಾಲ್ಕು ಗುರುಗಳನ್ನು ಎಣಿಸುವಾಗ, ನಾಲಗೆಯ ಚಾಪಲ್ಯದಿಂದ ಕೆಡುವ ಮೀನನ್ನೂ, ಕಣ್ಣಿನ ಚಾಪಲ್ಯದಿಂದ ಕೆಡುವ ಪತಂಗವನ್ನೂ ಪ್ರತ್ಯೇಕವಾಗಿ ಹೇಳುತ್ತಾನೆ. ಎರೆಹುಳುವಿನ ಗಾಳವು ನಾಲಗೆಗೆ ಒಡ್ಡಿದ ಬಲೆ. ಗರಿನೊಣವು ಕಣ್ಣಿಗೆ ಒಡ್ಡಿದ ಬಲೆ. ವಿಚಿತ್ರವೇನೆಂದರೆ, ಈ ಎರಡನೆಯ ಬಲೆಗೆ ಮೀನಿಗಿಂತ ಮನುಷ್ಯನೇ ಹೆಚ್ಚಾಗಿ ಸಿಕ್ಕಿಬಿದ್ದಿರುವನು. ನೀರನ್ನೇ ಮುಟ್ಟಿಸದೆ, ಗಾಜಿನ ಚೌಕಟ್ಟಿನೊಳಗಿಟ್ಟು ನೋಡುವುದಕ್ಕಾಗಿಯೇ ಗರಿನೊಣಗಳನ್ನು ಕೂಡಿಹಾಕುವವರು ಇಂಗ್ಲೆಂಡ್, ಅಮೆರಿಕಗಳಲ್ಲಿ ಅನೇಕರಿರುವರು.

ನಾವು ಹೋದಾಗ ಮನೆಯಲ್ಲಿ ಹುಳು ಹಣ್ಣಾಗುವ ಸಮಯ. ಸೊಸೆಯಂದಿರು ಹಣ್ಣಾದ ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದರು. ಯಜಮಾನರು, ಎಂದರೆ ನಮ್ಮ ವಿದ್ಯಾರ್ಥಿಯ ತಂದೆ, ಎಂಬತ್ತು ದಾಟಿದ ಗೌಡರು. ಪಡಸಾಲೆಯಲ್ಲಿ ಚಾಪೆ ಹಾಸಿ ಪೆಟ್ಟಿಗೆಯನ್ನು ತಂದು ನಮ್ಮ ಮುಂದಿಟ್ಟು, "ಸಂಗಮದಲ್ಲಿ ದೊರೆಗಳು ಡೇರೆ ಹಾಕ್ತಿದ್ರಲ್ಲ ಮೇಷ್ಟ್ರೇ, ನಮ್ಮಪ್ಪ ಅಲ್ಲಿಗೆ ಸೌದೆ ನೀರು ಹೊರೋಕೆ ಹೋಗ್ತಿದ್ದ. ಸ್ವಾತಂತ್ರ್ಯ ಬಂದ ವರ್ಷ ಆ ದೊರೆ ಊರು ಬಿಟ್ಟು ಹೋಗೋವಾಗ ಇದನ್ನ ಅಪ್ಪನ ಕೈಗೆ ಕೊಟ್ಟು ಹೋದ," ಎಂದರು. ಮುಚ್ಚಳದ ಒಳಗಡೆ ಒಂದು ಕಾಗದವನ್ನು ಅಂಟಿಸಿದ್ದ ಗುರುತಿತ್ತು. ಅದರ ಮೇಲಿದ್ದ ಬರಹವನ್ನು ಹುಳು ತಿಂದುಹೋಗಿ ನಾಲ್ಕೈದು ಅಕ್ಷರಗಳು ಮಾತ್ರ ಉಳಿದಿದ್ದುವು. ದೊರೆಯ ಹೆಸರು ಯಾರಿಗೂ ನೆನಪಿಲ್ಲ.

ಗರಿನೊಣವನ್ನು ಕಟ್ಟುವ ಕೌಶಲವನ್ನು ನಮ್ಮ ಹೆಂಗಸರಿಗೆ ತಿಳಿಯಹೇಳುವುದು ಸುಲಭ. ಅದು ಹೂ ಕಟ್ಟುವ ಕೆಲಸದ ಅಣ್ಣನೆನ್ನಬಹುದು. ಮೇಣ ಸವರಿದ ಸಣ್ಣ ರೇಷ್ಮೆಯ ಎಳೆಯೇ ಇಲ್ಲಿಯ ನಾರು. ಕೊಕ್ಕೆಯನ್ನು ಪುಟ್ಟ ಇಕ್ಕಳದಲ್ಲಿ ಬಿಗಿದು, ಮೊದಲು ಬಾಲಕ್ಕೆ ಒಂದು ಗರಿಯನ್ನು ಕಟ್ಟುವರು. ಬಳಿಕ ಹುರಿಯಿಲ್ಲದ ರೇಷ್ಮೆಯನ್ನು ಸುತ್ತಿ ಮೈಯನ್ನು ಮಾಡಿ, ಅದರ ಮೇಲೆ ಜರಿಯ ಎಳೆಯನ್ನು ಓರೆಯಾಗಿ ಸುತ್ತುವರು. ಆಮೇಲೆ ಕುತ್ತಿಗೆಯ ಗರಿಯನ್ನು ಸುತ್ತಿ ಎಸಳುಗಳನ್ನು ಕಾಲಿನಂತೆ ಹರಡುವಂತೆ ಮಾಡಿ, ಕೊನೆಗೆ ರೆಕ್ಕೆ, ಕೆನ್ನೆಗಳನ್ನು ಕೂರಿಸಿ ತಲೆಗೆ ಅರಗಿನ ಬಣ್ಣವನ್ನು ಹಚ್ಚುವರು. ಒಂದು ಸುತ್ತು ಹೆಚ್ಚಾದರೆ ತಲೆ ದಪ್ಪವಾಯಿತು. ಕಡಿಮೆಯಾದರೆ ರೆಕ್ಕೆ ಸಡಿಲವಾಯಿತು. ಸಾಮನ್ ಎಂಬ ದೊಡ್ಡ ಮೀನಿಗಾಗಿ ಕಟ್ಟುವ ಒಂದೊಂದು ನೊಣಕ್ಕೆ ಹತ್ತಾರು ಬಗೆಯ ಸಾಮಗ್ರಿ ಬೇಕು. ೧೮೯೫ರಲ್ಲಿ ಕೆಲ್ಸನ್ ಎಂಬುವನು ಇವುಗಳನ್ನೇ ಕುರಿತು ಒಂದು ದೊಡ್ಡ ಗ್ರಂಥವನ್ನು ಪ್ರಕಟಿಸಿದನು.

ಪೆಟ್ಟಿಗೆಯಲ್ಲಿದ್ದ ಹಲವು ಗಾಳಗಳ ತುದಿಯಲ್ಲಿ ಕಬ್ಬಿಣದ ಕಣ್ಣಿರಲಿಲ್ಲ. ಬದಲಾಗಿ ಹಳದಿಗಟ್ಟಿದ ಒಂದು ಕುಣಿಕೆಯಿತ್ತು. ಅದೇನೆಂದು ಮನೆಯವರು ಕೇಳಿದರು. ಅದೂ ರೇಷ್ಮೆಯೇ ಎಂದಾಗ ಅವರಿಗೆ ನಂಬಿಕೆಯಾಗಲಿಲ್ಲ. ಸಂಗತಿ ಹೀಗಿದೆ: ಹುಳು ಹಣ್ಣಾಗಿ ಇನ್ನೇನು ಗೂಡು ಕಟ್ಟಬೇಕೆನ್ನುವಾಗ ಅದರ ಹೊಟ್ಟೆಯಲ್ಲಿ ಎರಡು ರೇಷ್ಮೆಯ ಗ್ರಂಥಿಗಳು ತುಂಬಿಕೊಂಡಿರುತ್ತವೆ. ಸ್ಪೇನ್ ದೇಶದ ಮುರ್ಸಿಯ ಎಂಬ ಪ್ರಾಂತದಲ್ಲಿ ಆ ಸಮಯಕ್ಕೆ ಸರಿಯಾಗಿ ಹುಳುಗಳನ್ನು ವಿನಿಗರ್ ಎಂಬ ಹುಳಿದ್ರವದಲ್ಲಿ ನೆನೆಹಾಕಿ, ಗ್ರಂಥಿಯನ್ನು ಹೊರತೆಗೆದು, ಎರಡು ತುದಿಗಳನ್ನು ಹಿಡಿದು ಎಳೆಯುತ್ತಿದ್ದರು. ಅದು ಗೇಣುದ್ದಕ್ಕಿಂತ ಹೆಚ್ಚಾಗಿ ಹಿಗ್ಗಿ, ಗಾಳಿಗೆ ಒಣಗಿ, ನೀರಿನಲ್ಲಿ ಕಣ್ಣಿಗೆ ಕಾಣದ ಗಟ್ಟಿ ತಂತಿಯಾಗುತ್ತಿತ್ತು. ಒಂದು ಹುಳುವಿಗೆ ಎರಡೇ ತಂತಿ. ವೈದ್ಯರು ಗಾಯವನ್ನು ಹೊಲಿಯುವುದಕ್ಕೂ ಇದನ್ನು ಬಳಸಿದ್ದುಂಟು. ೧೯೩೮ರಲ್ಲಿ ಅಮೆರಿಕದವರು ನೈಲಾನನ್ನು ಪ್ರಕಟಿಸಿದ ಮೇಲೆ ಈ ಕಸುಬು ಕ್ರಮೇಣ ಅಳಿದುಹೋಯಿತು. ಇದನ್ನು ಕೇಳಿ ಹಿರಿಯ ಸೊಸೆಯು ಚಂದ್ರಿಕೆಯ ಮೇಲಿದ್ದ ಹುಳುವನ್ನೂ ಪೆಟ್ಟಿಗೆಯ ಕುಣಿಕೆಯನ್ನೂ ಬಾರಿಬಾರಿಗೆ ನೋಡಿದಳು. ಗೂಡಿನಲ್ಲಿ ಸಾವಿರಾರು ಅಡಿಯ ನೂಲಾಗುವ ವಸ್ತು ಇಲ್ಲಿ ಒಂದು ಬೆರಳುದ್ದದ ಕುಣಿಕೆಯಾಗಿ ನಿಂತಿತ್ತು.

ಇನ್ನು ಗರಿಗಳ ಸಮಾಚಾರ. ನವಿಲುಗರಿಯ ಎಳೆ, ಬಾತಿನ ಗರಿ, ಚೀನದ ಹೊಂಬಣ್ಣದ ಕೋಳಿಯ ಜುಟ್ಟು ಇವೆಲ್ಲ ಅದರಲ್ಲಿದ್ದುವು. ಆದರೆ ಕಣ್ಣನ್ನು ಸೆಳೆಯುತ್ತಿದ್ದುದು ನೊಣದ ಎರಡು ಕೆನ್ನೆಗಳಲ್ಲಿದ್ದ ಕಪ್ಪು ಗರಿ. ಅದರ ಮೇಲೆ ಅರಗಿನ ತೊಟ್ಟನ್ನು ಬಿಟ್ಟಂತೆ ಬಿಳಿ ಹಳದಿಯ ಮಿರುಗುವ ಚುಕ್ಕೆಗಳು. ಪ್ರಪಂಚದಲ್ಲಿ ಇಂತಹ ಗರಿ ಒಂದೇ ಹಕ್ಕಿಯ ಕತ್ತಿನಲ್ಲಿರುವುದು. ಅದು ನಮ್ಮ ಬೂದುಬಣ್ಣದ ಕಾಡುಕೋಳಿ. ಫ್ರೆಂಚ್ ಪ್ರವಾಸಿ ಸೊನೆರಾನ ಹೆಸರಿನಲ್ಲಿ ವಿದ್ವಾಂಸರು ಇದನ್ನು ಕರೆಯುವರು. ಇದರ ನೆಲೆ ಭರತಖಂಡವೇ, ವಿಶೇಷವಾಗಿ ದಕ್ಷಿಣ ದೇಶದ ಗುಡ್ಡಗಾಡುಗಳು. ಸ್ಕಾಟ್ಲೆಂಡಿನ ಹೊಳೆಯ ಸಾಮನ್ ಮೀನನ್ನು ಮರುಳುಗೊಳಿಸಲು ನಮ್ಮ ಬೆಟ್ಟದ ಹುಂಜನ ಕತ್ತು ಬೇಕಾಯಿತು! ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕತ್ತಿನ ಚರ್ಮಗಳು ಹಡಗು ಹತ್ತಿ ಹೋಗುತ್ತಿದ್ದುವು. ಹೆಂಗಸರ ಟೋಪಿಗಳಿಗಾಗಿ ಸಾಗುತ್ತಿದ್ದ ಇತರ ಹಕ್ಕಿಗಳ ಗರಿಗಳಿಗಂತೂ ಲೆಕ್ಕವಿರಲಿಲ್ಲ. ೧೯೦೨ರಲ್ಲಿ ಇಂಡಿಯಾ ಸರ್ಕಾರವು ಕಾಡುಹಕ್ಕಿಗಳ ಚರ್ಮ, ಗರಿಗಳ ರಫ್ತನ್ನು ನಿಷೇಧಿಸಿತು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದಿಂದ ಅವುಗಳ ಬೇಟೆಗೂ ವ್ಯಾಪಾರಕ್ಕೂ ತಡೆಯಾಯಿತು.

"ಅಪ್ಪ ಉರುಲು ಹಾಕಿ ಕೋಳಿ ಹಿಡೀತಿದ್ದ. ಕತ್ತಿನ ಚರ್ಮ ದೊರೆಗೆ, ಬಾಡು ನಮಗೆ. ಚಿಲ್ಲರೆ ಕಾಸು ಕೊಡ್ತಿದ್ರಂತೆ," ಎಂದು ಗೌಡರು ಮುಚ್ಚುಮರೆಯಿಲ್ಲದೆ ಹೇಳಿದರು. ಹೊಟ್ಟೆಗೆ ರಾಗಿ ಸಾಲದ ವರ್ಷಗಳಲ್ಲಿ ಆ ಕಾಸು ಎಷ್ಟರ ಮಟ್ಟಿಗೆ ನೆರವಾಗಿದ್ದೀತೆಂಬುದನ್ನು ಊಹಿಸಬಹುದು. ಹೀಗಾಗಿ ಆ ಪೆಟ್ಟಿಗೆಯಲ್ಲಿದ್ದ ಕೆಲವು ಗರಿಗಳು ಕೈಲಾಂಚದ ಗುಡ್ಡದವೇ ಆಗಿರಲೂ ಬಹುದು. ಮರುದಿನ ಬೆಳಗಿನ ಜಾವ ನಾವು ಊರಾಚೆಯ ಗುಡ್ಡದ ಬುಡಕ್ಕೆ ಹೋಗಿ ನಿಂತೆವು. ಲಂಟಾನದ ಪೊದೆಗಳ ಹಿಂದೆ, ಬಂಡೆಯ ಸಂದಿನಿಂದ ಕಾಡುಕೋಳಿಯ ಕೂಗು ಕೇಳಿಸಿತು. ಮನೆಯ ಕೋಳಿಯ ನೀಳವಾದ ಕೂಗಲ್ಲ. ತುಂಡುತುಂಡಾಗಿ ಕಡಿದು, ಥಟ್ಟನೆ ನಿಲ್ಲಿಸಿದಂತಹ ಕೂಗು. ಹಕ್ಕಿ ಕಣ್ಣಿಗೆ ಬೀಳಲಿಲ್ಲ. ಅದು ಅಲ್ಲಿದೆಯೆಂಬುದು ಮಾತ್ರ ನಿಶ್ಚಯವಾಯಿತು.

ದೊರೆಗಳು ಸಂಗಮದಲ್ಲಿ ಹುಡುಕುತ್ತಿದ್ದುದು ಕಾವೇರಿಯ ಬಿಳಿಮೀನನ್ನು. ಮಹಸೀರ್ ಎಂಬುದು ಇದರ ಪ್ರಸಿದ್ಧವಾದ ಹೆಸರು. ದಕ್ಷಿಣ ಕನ್ನಡದ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಎಂಬಾತನು ೧೮೭೩ರಲ್ಲಿ ಮಂಗಳೂರಿನಲ್ಲಿ ಅಚ್ಚುಮಾಡಿಸಿದ ಗಾಳದ ಗ್ರಂಥದಲ್ಲಿ ಈ ಜಾತಿಯ ಮೀನಿನ ಕೆಚ್ಚನ್ನು ಬಹಳವಾಗಿ ಹೊಗಳಿದನು. ಅಲ್ಲಿಂದ ಮುಂದೆ ಕಾವೇರಿಗೆ ಬರುವ ಗಾಳದವರಿಗೆ ಕೊರತೆಯಿರಲಿಲ್ಲ. ಮೈಸೂರಿನಲ್ಲಿ ಪ್ರಾಣಿಗಳ ಚರ್ಮವನ್ನು ಹದಮಾಡಿ ತುಂಬಿಡುವ ಕೆಲಸದಲ್ಲಿ ಹೆಸರಾಗಿದ್ದ ವಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ೧೨೦ ಪೌಂಡು ತೂಕದ ಮೀನನ್ನು ಹಿಡಿದರು. ಈ ಮಹಾಮತ್ಸ್ಯಕ್ಕೆ ಗರಿನೊಣವೇ ಬೇಕೆಂದೇನೂ ಇಲ್ಲ. ಮುಂದಿನ ಕಾಲದ ಗಾಳದವರು ಸ್ಥಳಿಕರಿಂದ ಕಲಿತು ರಾಗಿಹಿಟ್ಟಿನ ಉಂಡೆಯನ್ನೇ ಕೊಕ್ಕೆಗೆ ಮೆತ್ತುತ್ತಿದ್ದರು. ರೇಷ್ಮೆ, ಜರಿ, ಐದು ದೇಶದ ಗರಿಗಳಿಗೆ ಸೋಲದ ಮೀನು ನಮ್ಮ ರಾಗಿಮುದ್ದೆಗೆ ಸೋತಿತೆಂದರೆ ಕನಕಪುರದ ಸೀಮೆಯವರಿಗೆ ಹೆಮ್ಮೆಯೆನಿಸಬಹುದು. ಆದರೆ ಮೀನಿನ ಗತಿ ಹೆಮ್ಮೆಪಡುವಂತಿಲ್ಲ. ಕಾವೇರಿಯ ಜಲಾನಯನದಲ್ಲಲ್ಲದೆ ಬೇರೆಲ್ಲಿಯೂ ಇಲ್ಲದ ಈ ದಿಬ್ಬಬೆನ್ನಿನ ಜಾತಿಗೆ ವಿದ್ವಾಂಸರು ಖಚಿತವಾದ ಶಾಸ್ತ್ರೀಯ ನಾಮವನ್ನು ಗೊತ್ತುಮಾಡಿದುದು ೨೦೧೮ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿಸಬೇಕಾಯಿತು.

ಈಗ ಬೆಲೆಯ ಪ್ರಶ್ನೆಗೆ ಬರೋಣ. ಹಳೆಯ ಗರಿನೊಣಕ್ಕೆ ಬೆಲೆ ಕಟ್ಟುವವರು ಮೊದಲು ನೋಡುವುದು ಅದನ್ನು ಕಟ್ಟಿದವರು ಯಾರೆಂಬುದನ್ನು. ಎರಡನೆಯದಾಗಿ ಕಾಲವನ್ನು, ಅದಕ್ಕೆ ಆ ರೇಷ್ಮೆಯ ಕುಣಿಕೆಯೇ ಒಂದು ಸಾಕ್ಷಿ. ಮೂರನೆಯದಾಗಿ ನುಸಿ, ತುಕ್ಕುಗಳು ತಗುಲದೆ ಉಳಿದಿದೆಯೇ ಎಂಬುದನ್ನು. ಕೊನೆಯದಾಗಿ ಅದು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಲಿಖಿತವಾದ ಚರಿತ್ರೆಯನ್ನು. ಅಮೆರಿಕದ ಮೇರಿ ಆರ್ವಿಸ್ ಮಾರ್ಬರಿ ಎಂಬಾಕೆಯು ೧೮೯೨ರಲ್ಲಿ ಗರಿನೊಣಗಳ ಚರಿತ್ರೆಯನ್ನು ಗ್ರಂಥವಾಗಿ ಬರೆದಳು. ಮರುವರ್ಷ ಚಿಕಾಗೊ ಮಹಾಪ್ರದರ್ಶನಕ್ಕಾಗಿ ಸಿದ್ಧಪಡಿಸಿದ ಅವಳ ಗರಿನೊಣಗಳ ಹಲಗೆಗಳು ಇಂದಿಗೂ ವರ್ಮಾಂಟಿನ ವಸ್ತುಸಂಗ್ರಹಾಲಯದಲ್ಲಿವೆ. ಸ್ಕಾಟ್ಲೆಂಡಿನ ಬ್ರೋರಾ ಎಂಬ ಊರಿನ ಬಳಿ ಒಂದು ಒಂಟಿ ಕುಟೀರದಲ್ಲಿದ್ದ ಮೇಗನ್ ಬಾಯ್ಡ್ (೧೯೧೫-೨೦೦೧) ಎಂಬಾಕೆಯು ಜೀವಮಾನವೆಲ್ಲ ಗರಿನೊಣಗಳನ್ನು ಕಟ್ಟಿದಳು. ರಾಜಕುಮಾರರೂ ಅವಳ ಗಿರಾಕಿಗಳು. ೧೯೭೧ರಲ್ಲಿ ಸರ್ಕಾರದ ಪದಕವೂ ಬಂದಿತು. ಆದರೆ ತಾನು ಮಾತ್ರ ಮೀನು ಹಿಡಿಯಲಿಲ್ಲ. ಅವಳು ಅಲ್ಪ ಬೆಲೆಗೆ ಕೊಟ್ಟ ನೊಣಗಳನ್ನು ಇಂದು ಸಂಗ್ರಾಹಕರು ಅನೇಕ ಪಟ್ಟು ಕೊಟ್ಟು ಕೊಳ್ಳುವರು. ಅಲ್ಲಿ ಬೆಲೆಯಿರುವುದು ಗರಿಗಲ್ಲ, ಆ ಕೈಗೆ.

ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ಹಳೆಯ ಗ್ರಂಥಗಳಲ್ಲಿ ಹೇಳಿದ ಗರಿಗಳೇ ಬೇಕೆಂಬ ಹಟವು ಕೆಲವು ಸಂಗ್ರಾಹಕರಲ್ಲಿ ಬೆಳೆದು, ಆ ಗರಿಗಳಿಗೆ ಗುಟ್ಟಾದ ಪೇಟೆಯೊಂದು ಹುಟ್ಟಿಕೊಂಡಿತು. ೨೦೦೯ರ ಜೂನಿನಲ್ಲಿ ಇಂಗ್ಲೆಂಡಿನ ಟ್ರಿಂಗ್ ಎಂಬ ಊರಿನ ವಸ್ತುಸಂಗ್ರಹಾಲಯಕ್ಕೆ ಗರಿನೊಣ ಕಟ್ಟುವುದರಲ್ಲಿ ನಿಪುಣನಾದ ಒಬ್ಬ ತರುಣನು ಕಿಟಕಿಯಿಂದ ನುಗ್ಗಿ ೨೯೯ ಹಕ್ಕಿಗಳ ಚರ್ಮಗಳನ್ನು ಕದ್ದೊಯ್ದನು. ಅವುಗಳಲ್ಲಿ ಕೆಲವನ್ನು ಒಂದೂವರೆ ಶತಮಾನದ ಹಿಂದೆ ವಾಲೆಸ್ ಎಂಬ ಮಹಾವಿಜ್ಞಾನಿ ದ್ವೀಪಾಂತರಗಳಿಂದ ಕಷ್ಟಪಟ್ಟು ತಂದಿದ್ದನು. ಅವನು ಸಿಕ್ಕಿಬಿದ್ದಾಗ ಇಡಿಯಾಗಿ ದೊರೆತುವು ೧೭೪. ಅವುಗಳಲ್ಲಿ ಚೀಟಿಯುಳಿದಿದ್ದುವು ೧೦೨ ಮಾತ್ರ. ಎಲ್ಲಿ, ಯಾವಾಗ, ಯಾರು ತಂದದ್ದೆಂಬ ಆ ಕಾಗದದ ಚೂರು ಹೋದ ಮೇಲೆ ಉಳಿದ ಹಕ್ಕಿಯು ಶಾಸ್ತ್ರಕ್ಕೆ ಬಹುಮಟ್ಟಿಗೆ ಮೂಕವಾಯಿತು. ಈ ಪೇಟೆಯಲ್ಲಿ 'ಇಂಡಿಯಾದ ಕಾಗೆ' ಎಂಬ ಹೆಸರಿನಲ್ಲಿ ದುಬಾರಿಯಾಗಿ ಮಾರುವ ಒಂದು ಗರಿಯಿದೆ. ಅದು ಇಂಡಿಯಾದ್ದೂ ಅಲ್ಲ, ಕಾಗೆಯೂ ಅಲ್ಲ. ದಕ್ಷಿಣ ಅಮೆರಿಕದ ಒಂದು ಹಣ್ಣುತಿನ್ನುವ ಹಕ್ಕಿ. ವ್ಯಾಪಾರಕ್ಕೆ ಬಿದ್ದ ವಸ್ತುವಿನ ಜನ್ಮಸ್ಥಾನವನ್ನು ಯಾರು ಕೇಳುವರು?

ಕೈಲಾಂಚಕ್ಕೆ ಬಂದ ಪಟ್ಟಣದವರೂ ಮೊದಲು ಕಟ್ಟಿದವರ ಹೆಸರನ್ನೇ ಕೇಳಿದರಂತೆ. ಮುಚ್ಚಳದ ಕಾಗದವು ಮಾತನಾಡಲಿಲ್ಲ. ಆಗ ಅವರು ಕಾಡುಕೋಳಿಯ ಗರಿಯಿದ್ದ ನೊಣಗಳನ್ನು ಮಾತ್ರ ಬೇರೆಮಾಡಿ, ಗರಿಯನ್ನು ಬಿಚ್ಚಿಕೊಳ್ಳುವ ಲೆಕ್ಕದಲ್ಲಿ ಒಂದು ಬೆಲೆಯನ್ನು ಹೇಳಿದರು. ಅದು ಸುಮಾರಾಗಿ ಒಂದು ಒಳ್ಳೆಯ ಕರೆಯುವ ಹಸುವಿನ ಬೆಲೆ. ಮನೆಯಲ್ಲಿ ಮೊಮ್ಮಗಳಿಗೆ ಕಾಲೇಜಿನಲ್ಲಿ ಸ್ಥಳ ಸಿಕ್ಕಿತ್ತು, ಶುಲ್ಕವನ್ನು ಕಟ್ಟಬೇಕಾಗಿತ್ತು. ಗೂಡಿನ ಧಾರಣೆಯಾದರೋ ರಾಮನಗರದ ಹರಾಜಿನಲ್ಲಿ ಇಂದಿದ್ದಂತೆ ನಾಳೆಯಿಲ್ಲ. ನಮ್ಮ ವಿದ್ಯಾರ್ಥಿಗೆ ಮಾರಿಬಿಡುವುದೇ ಸರಿಯೆಂದು ತೋರಿತ್ತು. ಅದು ತಿರಸ್ಕರಿಸಬೇಕಾದ ವಿಚಾರವಲ್ಲ. ಗರಿಗಿಂತ ಹುಡುಗಿಯ ವಿದ್ಯೆ ದೊಡ್ಡದು. ಆದರೆ ಗೌಡರ ಮನಸ್ಸಿಗೆ ಚುಚ್ಚಿದುದು ಬೆಲೆಯಲ್ಲ. "ಆತ ನಮ್ಮಪ್ಪನ ವಿಷಯ ಒಂದು ಮಾತೂ ಕೇಳ್ಲಿಲ್ಲ ಮೇಷ್ಟ್ರೇ. ಕೋಳಿಗರಿ ಎಷ್ಟಿವೆ ಅಂತ ಎಣಿಸ್ದ," ಎಂದರು.

ನಾವು ಹೇಳಿದುದು ಇಷ್ಟು. ಮೊದಲನೆಯದಾಗಿ, ಎಷ್ಟೇ ಹಳೆಯದಾದರೂ ಕಾಡುಹಕ್ಕಿಯ ಗರಿಯ ವ್ಯಾಪಾರವು ಶಾಸನಕ್ಕೆ ಒಳಪಟ್ಟದ್ದು. ಅರಣ್ಯ ಇಲಾಖೆಯವರನ್ನು ವಿಚಾರಿಸದೆ ಯಾರ ಹಣವನ್ನೂ ಮುಟ್ಟಕೂಡದು. ಎರಡನೆಯದಾಗಿ, ಇಡಿಯ ಪೆಟ್ಟಿಗೆಗೆ ಒಂದು ಚರಿತ್ರೆಯಿದೆ, ಬಿಚ್ಚಿದ ಗರಿಗೆ ಯಾವ ಚರಿತ್ರೆಯೂ ಇಲ್ಲ. ಕಟ್ಟಿದವನ ಹೆಸರು ಹೋಯಿತು, ಕೊಟ್ಟವನ ಹೆಸರೂ ಹೋಯಿತು. ಇಸಕೊಂಡವನ ಹೆಸರು ಗೌಡರ ನಾಲಗೆಯ ಮೇಲೆ ಇನ್ನೂ ಇದೆ. ಅದೂ ಹೋಗುವುದಕ್ಕೆ ಮೊದಲು ಬರೆದಿಡಬೇಕು. ಅಂದು ಸಂಜೆಯೇ ಮೊಮ್ಮಗಳು ನೋಟುಪುಸ್ತಕವನ್ನು ತಂದು ಕುಳಿತಳು. ತಾತನು ಹೇಳುತ್ತಾ ಹೋದನು: ತಂದೆಯ ಹೆಸರು, ಸಂಗಮಕ್ಕೆ ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದ ದಾರಿ, ಡೇರೆಯಲ್ಲಿ ಮಾಡುತ್ತಿದ್ದ ಕೆಲಸ, ಉರುಲು ಹಾಕುತ್ತಿದ್ದ ಗುಡ್ಡ, ಪೆಟ್ಟಿಗೆ ಕೈಗೆ ಬಂದ ದಿನ. ಕೋಳಿಯನ್ನು ಕೊಂದ ಮಾತನ್ನು ಬಿಟ್ಟುಬಿಡೋಣವೇ ಎಂದು ಹುಡುಗಿಯು ಕೇಳಿದಾಗ, "ಆದದ್ದು ಆದಂಗೇ ಬರಿ ಮಗ," ಎಂದು ಮುದುಕರು ಹೇಳಿದರು. ಎರಡು ಪುಟಗಳಾದುವು. ಕೆಳಗೆ ತಾರೀಖನ್ನು ಹಾಕಿ, ಮಡಿಸಿ, ಪೆಟ್ಟಿಗೆಯಲ್ಲಿಟ್ಟರು. ಶುಲ್ಕಕ್ಕೆ ಈ ಬೆಳೆಯ ಗೂಡಿನ ಹಣವನ್ನೇ ನೆಚ್ಚಿಕೊಂಡಿರುವರು.

ನಮ್ಮ ವಾಚಕರ ಮನೆಗಳಲ್ಲಿ ಗರಿನೊಣಗಳು ಇರಲಾರವು. ಆದರೆ ಹಿರಿಯರ ಕೈಯಿಂದ ಬಂದ ಯಾವುದಾದರೊಂದು ಪದಾರ್ಥವು ಅಟ್ಟದ ಮೇಲೋ ಪೆಟ್ಟಿಗೆಯ ತಳದಲ್ಲೋ ಇಲ್ಲದ ಮನೆಯಿಲ್ಲ. ಗರಿ, ಉಣ್ಣೆ, ರೇಷ್ಮೆಗಳಿದ್ದರೆ ತೇವ ತಗುಲದಂತೆ ಒಣಗಿದ ಜಾಗದಲ್ಲಿಟ್ಟು, ಬಜೆಯ ಬೇರನ್ನೋ ಕರ್ಪೂರವನ್ನೋ ಜೊತೆಗಿಟ್ಟು, ವರ್ಷಕ್ಕೊಮ್ಮೆಯಾದರೂ ತೆರೆದು ನೋಡತಕ್ಕದ್ದು. ಅದಕ್ಕಿಂತಲೂ ಮುಖ್ಯವಾದುದು ಒಂದು ಚೀಟಿ: ಇದು ಯಾರದು, ಎಲ್ಲಿಂದ ಬಂದಿತು, ಯಾರು ಮಾಡಿದರು, ಇದಕ್ಕಾಗಿ ಏನು ವ್ಯಯವಾಯಿತು. ಪೇಟೆಯು ಕೈಗೆ ಬೆಲೆ ಕಟ್ಟೀತು, ಕಾಲಕ್ಕೂ ಕಟ್ಟೀತು. ಮಾಡಿಸಿದವರ ಹಿಂದೆ ಸೌದೆ ಹೊತ್ತವನಿಗೂ, ಗರಿ ಕೊಟ್ಟ ಹಕ್ಕಿಗೂ ಅದು ಬೆಲೆ ಕಟ್ಟಿದ್ದನ್ನು ನಾವು ಕಾಣೆವು. ಆ ಲೆಕ್ಕವನ್ನು ಬರೆದಿಡುವುದು ಮನೆಯವರ ಕೆಲಸ.